ಓಟದ ಮಧ್ಯೆ ನಿಂತವನು

ಮೂರನೇ ಸಾಲಿನಲ್ಲಿ ಕೂತಿದ್ದ ಮಗನ ರಟ್ಟೆ ಹಿಡಿದು ಗುಡುಗಪ್ಪ ಮೇಲೆಬ್ಬಿಸಿದ. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ನಡೆಯುತ್ತಿತ್ತು. ವೇದಿಕೆಯ ಮೇಲೆ ಲೆಕ್ಕಶಾಸ್ತ್ರದ ಮೇಡಂ ಮೈಕು ಹಿಡಿದು ನಿಂತಿದ್ದರು.

"ಲೆಕ್ಕದಲ್ಲಿ ತಪ್ಪು ಬರೆದರೆ ಅಳಿಸೋ ಹಾಗಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದು ಸರಿ ಮಾಡ್ಬೇಕು..." ಎನ್ನುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

"ನಡಿ ಹೊರಗೆ!" ಎಂದ ಗುಡುಗಪ್ಪ. ಮೈಕಿಲ್ಲದೆಯೇ ಅದು ಕೊನೆಯ ಸಾಲಿಗೂ ಕೇಳಿಸಿತು.

ಗುಡುಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸೈನ್ಯದ ಅಧಿಕಾರಿಗಳಾಗಲು ಬರುವ ಹುಡುಗರಿಗೆ ಅವನು ಕವಾಯತು ಕಲಿಸುತ್ತಿದ್ದ; ಇದು ಅವರೇ ಇಟ್ಟ ಹೆಸರು. ಅವನ ಬೈಗುಳ ತಿಂದು ಬೆಳೆದ ಹುಡುಗ ತರಬೇತಿ ಮುಗಿಸಿ ಹೆಗಲ ಮೇಲೆ ನಕ್ಷತ್ರ ತೊಟ್ಟ ದಿನ, ಅವನಿಗೆ ಮೊದಲ ಸೆಲ್ಯೂಟ್ ಗುಡುಗಪ್ಪನದೇ. ಊರವರ ಮಕ್ಕಳಿಗೆಲ್ಲ ಸೆಲ್ಯೂಟ್ ಹೊಡೆದು ಕೈ ಸವೆದಿತ್ತು. ತನ್ನ ಮಗನಿಗೆ ಒಂದೇ ಒಂದು ಸಲ ಹೊಡೆದುಬಿಟ್ಟರೆ ಜನ್ಮ ಸಾರ್ಥಕ ಅಂದುಕೊಂಡಿದ್ದ.

ಕೆಲಸದಲ್ಲಿ ಅವನು ದಾಕ್ಷಿಣ್ಯದ ಮನುಷ್ಯನಲ್ಲ. ಕೊನೆಯ ಓಟದಲ್ಲಿ ಹುಡುಗರು ವಿಷಗಾಳಿಯ ಮುಖವಾಡ ತೊಟ್ಟು ಹೊಗೆಯೊಳಗೆ ಓಡಬೇಕು. ಬರೀ ಹೆಜ್ಜೆ ನೋಡಿ ಇವನು ಅಧಿಕಾರಿ, ಇವನು ಸಂಸಾರಿ ಎಂದು ಬೇರೆ ಮಾಡಬಲ್ಲೆ ಎಂಬ ಜಂಬ ಅವನಿಗಿತ್ತು. ಮಧ್ಯೆ ನಿಂತವನು ಹೊರಗೆ. ಯಾಕೆ ನಿಂತೆ ಎಂದು ಕೇಳುವ ಪದ್ಧತಿಯೇ ಇಲ್ಲ.

ಅಂಥವನ ಮಗ, ಬೇರೊಂದು ಶಿಬಿರಕ್ಕೆ ಸೇರಿದ್ದವನು, ಒಂದು ದಿನ ಟ್ರಂಕು ಹೊತ್ತು ಮನೆಗೆ ಬಂದ. "ಬಿಟ್ಟು ಬಂದೆ" ಎಂದ. ಆಮೇಲೆ ಬಾಯಿಗೆ ಬೀಗ. ಈಗ ನೋಡಿದರೆ ಲೆಕ್ಕ ಬರೆಯಲು ಕಲಿಯುತ್ತಾನಂತೆ! ಬೆಳಿಗ್ಗೆ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅವನನ್ನ ಏನೂ ಕೇಳಬೇಡಿ. ನಿಮ್ಮ ಕಾಲು ಹಿಡ್ಕೋತೀನಿ" ಎಂದಿದ್ದಳು. ಮಗನನ್ನು ಮುದ್ದು ಮಾಡಿ ಕೆಡಿಸಿದವಳೇ ಇವಳು ಎಂದು ಅವಳನ್ನು ಸರಿಸಿ ಬಂದಿದ್ದ.

ಕಾರಿಡಾರಿನಲ್ಲಿ ಮಗನನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಹಿಂದೆಯೇ ಮೇಡಂ ಓಡಿಬಂದರು.

"ಏನ್ರೀ ಇದು? ನಮ್ಮ ಹುಡುಗನ ಮೇಲೆ ಕೈ ಮಾಡೋಕೆ ನೀವ್ಯಾರು?"

"ನಿಮ್ಮ ಹುಡುಗ ಆಗಿದ್ದು ಇವತ್ತು. ನನಗೆ ಹುಟ್ಟಿದಾಗಿಂದ ಮಗ."

"ಅಪ್ಪ, ಮನೇಲಿ ಮಾತಾಡೋಣ," ಎಂದ ಮಗ.

"ಮನೇಲಿ ನೀನು ಬಾಯಿ ಬಿಟ್ಟಿದ್ದು ಯಾವತ್ತು? ಕೇಳಿ ಮೇಡಂ. ನನ್ನ ಹೆಸರು ಎತ್ತಕೂಡದು, ನಿನ್ನ ಕಾಲ ಮೇಲೆ ನಿಲ್ಲು ಅಂತ ಕಳಿಸಿದ್ದೆ. ಪರೀಕ್ಷೆ ನಡೆಸೋಕೆ ಇವನ ಶಿಬಿರಕ್ಕೂ ನನ್ನನ್ನ ಕರೆಸಿದ್ರು. ನನ್ನ ಮಗ ಹೇಗಿದ್ದಾನೆ ಅಂತ ನಾನು ಒಂದು ನರಪಿಳ್ಳೆಯನ್ನೂ ಕೇಳಲಿಲ್ಲ. ಅದು ನಿಯತ್ತು! ಇವನು? ಹೇಡಿ ಹಾಗೆ ಓಡಿಬಂದ!"

ಮೇಡಂ ಮುಖ ಕೆಂಪಾಯಿತು. "ಯಾರು ಹೇಳಿದ್ದು ಓಡಿಬಂದ ಅಂತ? ಯಾಕೆ ಈ ಕೋರ್ಸು ಸೇರಿದ್ರಿ ಅಂತ ಒಬ್ಬೊಬ್ಬರನ್ನೇ ಈಗ ತಾನೇ ಕೇಳಿದೆ. ಇವನು ಎಲ್ಲರೆದುರು ಹೇಳಿದ. ಓಟದಲ್ಲಿ ಪಕ್ಕದವನು ಉಸಿರು ಕಟ್ಟಿ ಬಿದ್ದಿದ್ದನಂತೆ. ಎತ್ತಿ ಕೂರಿಸೋಕೆ ನಿಂತನಂತೆ. ಅಷ್ಟಕ್ಕೇ ಹೊರಗೆ ಹಾಕಿದ್ರಂತೆ!"

"ಮೇಡಂ, ಸಾಕು," ಎಂದ ಮಗ.

ಗುಡುಗಪ್ಪನ ಕೈ ಸಡಿಲವಾಯಿತು. ಮಗ ಹೇಡಿಯಲ್ಲ. ಒಂದು ಕ್ಷಣ ಎದೆ ಹಗುರವಾಯಿತು. ಮರುಕ್ಷಣ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತು.

"ಹೊರಗೆ ಹಾಕಿದ್ರಾ? ಜೊತೆಯವನ ಜೀವ ಉಳಿಸಿದ್ದಕ್ಕಾ? ಅದನ್ನ ಮಾಡದವನು ಎಂಥಾ ಅಧಿಕಾರಿನೋ! ಯಾವನು ಪರೀಕ್ಷೆ ನಡೆಸಿದವನು?"

"ಬಿಡಿ ಅಪ್ಪ."

"ಏನು ಬಿಡೋದು? ಯಾಕೆ ನಿಂತೆ ಮಗಾ ಅಂತ ಒಂದು ಮಾತು ಕೇಳೋಕೆ ಅವನ ಬಾಯಲ್ಲಿ ಮಣ್ಣು ತುಂಬಿತ್ತಾ? ಅವನಿಗೆ ಮಕ್ಕಳಿಲ್ವಾ? ಅವನ ಪಟ್ಟಿ ಕೀಳಿಸ್ತೀನಿ. ಸಮವಸ್ತ್ರ ಬಿಚ್ಚಿಸಿ ಮನೆಗೆ ಕಳಿಸದಿದ್ರೆ ನಾನು ಗುಡುಗಪ್ಪನೇ ಅಲ್ಲ!"

ತರಗತಿಗಳ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಗುಡುಗಪ್ಪ ಫೋನು ತೆಗೆದು ಶಿಬಿರದ ಮುಖ್ಯಸ್ಥರಿಗೇ ಕರೆ ಮಾಡಹೊರಟ. ಮಗ ಅವನ ಕೈ ಹಿಡಿದ. ಅಷ್ಟು ಗಟ್ಟಿಯಾದ ಹಿಡಿತ ಈ ಹುಡುಗನಿಗೆ ಯಾವಾಗ ಬಂತೆಂದು ಅಪ್ಪನಿಗೆ ತಿಳಿಯಲಿಲ್ಲ.

"ಅವರಿಗೆ ಫೋನ್ ಮಾಡಬೇಡಿ. ಪರೀಕ್ಷೆ ನಡೆಸಿದೋರ ಮಾನ ಹೋಗುತ್ತೆ."

"ಹೋಗ್ಲಿ! ಆ ಕಟುಕನ ಮಾನ ನಿನಗ್ಯಾಕೆ? ಅವನ ಮೇಲೆ ನಿನಗೆ ಕೋಪ ಬರಲ್ವೇನೋ?"

"ಬಂತು. ತುಂಬಾ ಬಂತು. ಅವತ್ತು ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು ಅತ್ತೆ," ಎಂದ ಮಗ. "ಅವರು ಯಾರು ಅಂತ ಅಮ್ಮನೊಬ್ಬಳ ಹತ್ರ ಹೇಳ್ಕೊಂಡೆ. ಯಾರಿಗೂ ಹೇಳಬೇಡ ಅಂತ ಅವಳೇ ಆಣೆ ಹಾಕಿಸ್ಕೊಂಡ್ಲು."

"ಅವಳಿಗ್ಯಾಕೆ ಅವನ ಮೇಲೆ ಅಷ್ಟು ಕನಿಕರ? ಹೆಸರು ಹೇಳ್ತೀಯೋ ಇಲ್ವೋ?"

ಮಗ ಮೇಡಂ ಕಡೆ ತಿರುಗಿ ಕೈ ಮುಗಿದ. "ನೀವು ದಯವಿಟ್ಟು ಒಳಗೆ ಹೋಗಿ ಮೇಡಂ. ಇದು ನಿಮ್ಮೆದುರು ಬೇಡ." ಅವರು ಹೋಗಿ ಬಾಗಿಲು ಮುಚ್ಚಿಕೊಳ್ಳುವವರೆಗೂ ಕಾದ. ಆಮೇಲೆ ಅಪ್ಪನ ಕಿವಿಗಷ್ಟೇ ಕೇಳುವಂತೆ ಹೇಳಿದ.

"ಮುಖವಾಡ ಹಾಕಿದ್ದೆ ಅಪ್ಪ. ನಿಮಗೆ ಗುರುತು ಸಿಗಲಿಲ್ಲ."