ಸದ್ದಿಲ್ಲದ ಸ್ವಿಚ್ಚು

"ವಿಮಾನ ತಗೊಳ್ಳೋಕೆ ಬಂದೋರು ಸ್ವಿಚ್ಚಿಗೆ ಕಿವಿಯಿಟ್ಟು ಕೂತಿದ್ದೀರಲ್ಲ, ಒಳಗಡೆ ಯಾರಾದ್ರೂ ಮಾತಾಡ್ತಿದಾರಾ ತಾಯಿ?" ಎಂದ ಅಂಗಡಿಯವನು.

ಸಿಟಿ ಬಸ್ಸು ಓಡಿಸುವ ಆ ಹೆಂಗಸು ಗಾಜಿನ ಮೇಜಿನ ಮೇಲಿದ್ದ ರಿಮೋಟುಗಳಲ್ಲಿ ಇನ್ನೊಂದನ್ನು ಎತ್ತಿಕೊಂಡು, ಮೂಲೆಯ ಸ್ವಿಚ್ಚನ್ನು ಒತ್ತಿ ಆಲಿಸಿದಳು. ಟಿಕ್. ಅದೂ ಬೇಡ. ತುಸು ದೂರದಲ್ಲಿ, ಸೂರಿಗೆ ತೂಗುಹಾಕಿದ್ದ, ರಿಮೋಟಿನಿಂದ ಹಾರಿಸುವ ಪುಟ್ಟ ಕೆಂಪು ವಿಮಾನದ ಕೆಳಗೆ ಅವಳ ಮಾವ ಕತ್ತೆತ್ತಿ ನಿಂತಿದ್ದರು. ಒಂದು ಕಾಲಕ್ಕೆ ಬಂದರಿನಲ್ಲಿ ಕ್ರೇನ್ ನಡೆಸಿದ ಕೈಗಳನ್ನು ಈಗ ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಂಡಿದ್ದರು; ಬಿಟ್ಟರೆ ಅವು ನಡುಗುತ್ತಿದ್ದವು. ನಡುಕ ಶುರುವಾದ ವಾರವೇ, ಥೇಟ್ ಇಂಥದೇ ತಮ್ಮ ಕೆಂಪು ವಿಮಾನವನ್ನು ಯಾರಿಗೋ ಕೊಟ್ಟು ಕೈತೊಳೆದುಕೊಂಡಿದ್ದರು.

ಅವಳಿಗೆ ಹಾರಿಸಲು ಕಲಿಸಿದವರು ಅವರೇ. ಕಲಿತ ಮೊದಲ ವಿಮಾನ ಬೆನ್ನ ಮೇಲೆ ರೆಕ್ಕೆ ಹೊತ್ತ ಸಾಧುಪ್ರಾಣಿ. ಗಲಿಬಿಲಿಯಾಗಿ ಕೈಬಿಟ್ಟರೂ ತಾನಾಗಿ ನೆಟ್ಟಗಾಗುತ್ತಿತ್ತು. ಅದರ ಸಾಧುತನವೂ ಸಾಲದಷ್ಟು ಅವಳು ಕೆಡಿಸಿದಾಗ, ಜೋಡಿ ರಿಮೋಟು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದ ಮಾವ ಸ್ವಿಚ್ಚೊತ್ತಿ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. ವಿಮಾನ ಬದುಕಿಕೊಳ್ಳುತ್ತಿತ್ತು. "ನೀವು ಹಿಡಿದ್ರಾ ಮಾವ?" ಎಂದರೆ, "ನಾನ್ಯಾಕೆ ಹಿಡೀಲಿ? ನೀನೇ ಎತ್ತಿದ್ದು ಕಣಮ್ಮ" ಎನ್ನುತ್ತಿದ್ದರು. ಟಿಕ್ ಎಂದದ್ದು ಅವಳಿಗೆ ಕೇಳಿಸಿರುತ್ತಿತ್ತು. ಕೇಳಿಸದವಳಂತೆ ಹಿಗ್ಗುತ್ತಿದ್ದಳು. ಆ ಸುಳ್ಳುಗಳನ್ನು ಮೆಟ್ಟಿಲು ಮಾಡಿಕೊಂಡೇ ಅವಳು ಆಕಾಶಕ್ಕೆ ಏರಿದ್ದು.

"ಎರಡನೇ ವಿಮಾನ ಅಂದ್ರೆ ಆ ಹಳದಿದು ತಗೊಳ್ಳಿ, ಭಯವಿಲ್ಲ" ಎಂದ ಅಂಗಡಿಯವನು. "ಕೆಂಪುದರ ರೆಕ್ಕೆ ಹೊಟ್ಟೆ ಕೆಳಗಿದೆ. ಅದು ತಾನಾಗಿ ನೆಟ್ಟಗಾಗಲ್ಲ. ಓರೆ ಬಿಟ್ರೆ ಓರೆಯಾಗೇ ಹೋಗುತ್ತೆ."

"ಹೋಗ್ಲಿ ಬಿಡಯ್ಯ, ಹೇಳಿದ ಮಾತು ಕೇಳುತ್ತೆ ಅಂದಂಗಾಯ್ತು" ಎಂದರು ಮಾವ, ಕಣ್ಣು ಕೀಳದೆ. "ಕೆಂಪೇ ತಗೋ. ನೀನು ಹಾರಿಸು, ನಾನು ನೋಡ್ಕೊಂಡಿರ್ತೀನಿ."

ಕೊನೆಗೊಂದು ರಿಮೋಟಿನ ಸ್ವಿಚ್ಚು ಬೆಣ್ಣೆಯಂತೆ ಜಾರಿತು, ಸದ್ದೇ ಇಲ್ಲ. ಅವಳ ಮುಖ ಅರಳಿತು. "ಕೆಂಪುದನ್ನೇ ಇಳಿಸಿ. ರಿಮೋಟು ಇಂಥದೇ ಎರಡು."

"ಎರಡ್ಯಾಕೆ? ನಿನ್ನ ಗಂಡನಿಗಾ?" ಮಾವ ನಕ್ಕರು. "ಮೇಲಕ್ಕೇಳೋದು ಅಂದ್ರೆ ಅವನಿಗೆ ಗೊತ್ತಿರೋದು ಹಾಲು ಉಕ್ಕೋದೊಂದೇ. ಅದನ್ನೂ ನೋಡ್ಕೊಳ್ಳೋಕೆ ಬರಲ್ಲ."

ಅವಳೂ ನಕ್ಕು ದುಡ್ಡು ಎಣಿಸಿದಳು.

ರಜೆಯ ಬೆಳಿಗ್ಗೆ, ಊರಾಚೆಯ ಬಯಲಿನಲ್ಲಿ ಕೆಂಪು ವಿಮಾನವನ್ನು ನೆಲದಿಂದೆಬ್ಬಿಸಿ ಒಂದು ಸುತ್ತು ಹಾಕಿಸಿದ ಮೇಲೆ, ಅವಳು ಎರಡನೆಯ ರಿಮೋಟನ್ನು ಮಾವನ ಕೊರಳಿಗೆ ಹಾಕಿದಳು.

"ಹುಚ್ಚೇನೇ ನಿಂಗೆ? ಈ ಕೈಲಿ ಅದು ಪುಡಿಪುಡಿ!"

"ನಾನಿದೀನಲ್ಲ, ಸ್ವಿಚ್ಚು ನನ್ನ ಹತ್ರ ಇದೆ. ಬಿಟ್ಟೆ, ಹಿಡ್ಕೊಳ್ಳಿ."

ಬೇರೆ ದಾರಿಯಿರಲಿಲ್ಲ, ಅವರು ಹಿಡಿದರು. ರಿಮೋಟಿನ ಕಡ್ಡಿಗಳ ಮೇಲಿದ್ದ ಹೆಬ್ಬೆರಳುಗಳ ನಡುಕವೆಲ್ಲ ಮೇಲೆ ಹೋಗಿ ರೆಕ್ಕೆಗಳಲ್ಲಿ ಅದುರಿತು. ದೂರದಲ್ಲಿ ತಿರುಗಿ ವಿಮಾನ ತಮ್ಮತ್ತಲೇ ಬರತೊಡಗಿತು. ಎಡ ಬಲವಾಗಿ, ಬಲ ಎಡವಾಗಿ ಕಾಣುವ ಆ ಕೆಟ್ಟ ಗಳಿಗೆಯಲ್ಲೇ ಒಂದು ರೆಕ್ಕೆ ಕುಸಿಯಿತು. ಅವಳ ಬೆರಳು ಸ್ವಿಚ್ಚಿನ ಮೇಲಿತ್ತು. ಆಗ ಪಕ್ಕದಲ್ಲಿ ಗೊಣಗುಟ್ಟಿದ್ದು ಕೇಳಿಸಿತು: "ಬಗ್ಗಿದ ರೆಕ್ಕೆಗೆ ಕಡ್ಡಿ ಊರು... ಬಗ್ಗಿದ ರೆಕ್ಕೆಗೆ..." ಅವಳಿಗೆ ನೂರು ಸಲ ಹೇಳಿಕೊಟ್ಟ ಪಾಠವನ್ನು ಮಾವ ತಮಗೇ ಹೇಳಿಕೊಳ್ಳುತ್ತಿದ್ದರು. ಕುಸಿದ ಕಡೆಗೆ ಕಡ್ಡಿ ವಾಲಿತು. ರೆಕ್ಕೆ ಮೆಲ್ಲಗೆ ಮೇಲೆದ್ದಿತು.

"ಹಿಡಿದ್ಯಾ?"

"ಇಲ್ಲ ಮಾವ, ನೀವೇ ಎತ್ತಿದ್ದು."

"ಚೆನ್ನಾಗಿ ಸುಳ್ಳು ಹೇಳ್ತೀಯ. ಯಾರು ಕಲಿಸಿದ್ರು?" ಅವರ ದನಿ ತೇವವಾಗಿತ್ತು. ಅದು ಖುಷಿಯೂ ಹೌದು, ಸೋತವನ ಕೃತಜ್ಞತೆಯೂ ಹೌದು.

ಈ ಸಲ ಅದು ಸುಳ್ಳಾಗಿರಲಿಲ್ಲ. ಅವಳು ಸ್ವಿಚ್ಚನ್ನು ಮುಟ್ಟಿದ್ದಳೇ ಹೊರತು ಒತ್ತಿರಲಿಲ್ಲ. ಟಿಕ್ ಎನ್ನುವ ಸ್ವಿಚ್ಚಾಗಿದ್ದರೆ ಈ ಮೌನವೇ ಸಾಕ್ಷಿಯಾಗುತ್ತಿತ್ತು. ಅಂಗಡಿಯನ್ನೆಲ್ಲ ಜಾಲಾಡಿ ಆ ಸಾಕ್ಷಿಯನ್ನು ತಾನೇ ಹೊರಗೆ ಹಾಕಿ ಬಂದಿದ್ದಳು.

ಆಕಾಶದಿಂದ ಅವರು ಕಣ್ಣು ಕೀಳುವಂತಿರಲಿಲ್ಲ. ಆದ್ದರಿಂದ ಅವಳೇ ಎರಡು ಹೆಜ್ಜೆ ಮುಂದೆ ಹೋಗಿ, ಅವರ ನೋಟದ ಅಂಚಿಗೆ ಬಂದು ನಿಂತಳು. ರಿಮೋಟು ಎದೆಯ ಮೇಲೆ ತೂಗಾಡುತ್ತಿರಲು, ಬರಿಗೈಗಳೆರಡನ್ನೂ ತಲೆಯ ಮೇಲಕ್ಕೆತ್ತಿದಳು.

ಕೆಂಪು ವಿಮಾನ ಅದುರುತ್ತ, ಓರೆಯಾಗುತ್ತ, ಮತ್ತೆ ನೆಟ್ಟಗಾಗುತ್ತ ಒಂದು ಸುತ್ತು ಪೂರೈಸಿತು.

"ಕೈ ಇಳಿಸೇ" ಎಂದರು ಮಾವ ಕಡೆಗೆ. "ನೋಡಿದೋರು ನಾನು ನಿನ್ನ ದರೋಡೆ ಮಾಡ್ತಿದೀನಿ ಅನ್ಕೋತಾರೆ."

ಅವಳು ಇಳಿಸಲಿಲ್ಲ.