ಮಂಚದ ಪಕ್ಕದ ಬಕೆಟ್ಟು

ಕ್ಯಾನ್ಸರಿನ ನೋವಿಗೆ ಗಾಂಜಾ ಒಳ್ಳೆಯದೆಂದು ಯಾರೋ ಹೇಳಿದರು. ತುಳಸಿಯನ್ನೂ ನೆಟ್ಟಗೆ ಬೆಳೆಸಿ ಗೊತ್ತಿಲ್ಲದ ನಾಗವೇಣಿ, ಹಾಸಿಗೆ ಹಿಡಿದ ಗಂಡನ ಮಂಚದ ಪಕ್ಕದಲ್ಲೇ ಪೇಂಟಿನ ಬಕೆಟ್ಟಿಗೆ ಮಣ್ಣು ತುಂಬಿ ಬೀಜ ಹಾಕಿದಳು. ಕಿಟಕಿ ಮುಚ್ಚಿ, ಹಗಲೂ ಟ್ಯೂಬ್‌ಲೈಟ್ ಉರಿಸಿದಳು. ಗಿಡ ಮೊಳಕಾಲುದ್ದ ಬಂತು. ಆಮೇಲೆ ಎಲೆಗಳು ಹಳದಿಯಾಗತೊಡಗಿದವು.

"ನೀರು ಜಾಸ್ತಿ ಆಯ್ತೇನ್ರೀ?"

"ನಿನ್ನ ಆರೈಕೇಲಿ ತಪ್ಪಿಲ್ಲ ಬಿಡು," ಎಂದ ಗಂಡ.

ಅವನ ವೈಕುಂಠ ಸಮಾರಾಧನೆಯ ಎಲೆ ಎತ್ತಿದ ಮೇಲೆ ಮೈದುನ ಮೆಲ್ಲಗೆ ಹೇಳಿದ. "ಅತ್ತಿಗೆ, ಅದನ್ನ ಕಿತ್ತು ಬಿಸಾಕಿ. ಯಾರಾದ್ರೂ ಕಂಡ್ರೆ ಪೊಲೀಸು ಗಿಲೀಸು ಅಂತ ಆಗತ್ತೆ."

"ಹೂಂ," ಎಂದಳು.

ಬಕೆಟ್ಟನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದಳು. ದಿನವೂ ಅವನ ಅಂಗೈಗಿಟ್ಟು ತಾನು ಬಿಸಿನೀರು ತರಲು ಹೋಗುತ್ತಿದ್ದ ಮಾತ್ರೆಗಳು, ಅರ್ಧ ಕರಗಿ, ಬೇರಿನ ತುಂಬ ಅಂಟಿಕೊಂಡಿದ್ದವು.