ಅವ್ವ ನೋಡಿದ ಗೋಡೆ

ಸತ್ತವರು ಕೊನೆಯ ತಿಂಗಳು ಕಂಡದ್ದನ್ನೆಲ್ಲ ಅವರ ಕಣ್ಣಿನಿಂದ ತೆಗೆದು, ವಿಡಿಯೊ ಮಾಡಿಸಿ, ದಿನಕರ್ಮದ ಊಟಕ್ಕೆ ಮುಂಚೆ ಬಂಧುಬಳಗಕ್ಕೆ ತೋರಿಸುವುದು ಈಗ ಎಲ್ಲ ಮನೆಗಳ ಪದ್ಧತಿ. ಧಾರವಾಡದ ಇರ್ಫಾನನ ಅಂಗಡಿಗೆ ಬರುವುದೆಲ್ಲ ಅದೇ ಕೆಲಸ. ಆದರೆ ಇವತ್ತು ಅವನ ತಲೆ ಕೆಟ್ಟುಹೋಗಿತ್ತು. ಹಾಸಿಗೆ ಹಿಡಿದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮುದುಕಿಯ ಕಣ್ಣದು. ಅಲುಗದ ಗೋಡೆಯ ಫೈಲು ಚಿಕ್ಕದಾಗಿಯೇ ಬರಬೇಕು. ಇದು ಮಾತ್ರ ಎಷ್ಟು ಸಲ ಮಾಡಿದರೂ ಮದುವೆ ವಿಡಿಯೊಗಿಂತ ದೊಡ್ಡದಾಗುತ್ತಿತ್ತು. ಮನೆಯವರು ತಂದ ಪೆನ್‌ಡ್ರೈವಿನಲ್ಲಿ ಹಿಡಿಯುತ್ತಲೇ ಇರಲಿಲ್ಲ.

ಮುದುಕಿಯ ಮಗಳು ಕಸ್ತೂರೆವ್ವ ಅಂಗಡಿಯೊಳಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು.

"ಲಗೂ ಮಾಡ್ರಿ, ಮಂದಿ ಬಂದು ಕುಂತಾರ. ಆ ಗ್ವಾಡ್ಯಾಗ ಏನೈತಿ ನೋಡಾಕ? ನನ್ನ ಮ್ಯಾಲಿನ ಸಿಟ್ಟಿಗೆ ಅತ್ತಾಗ ತಿರುಗಿ ಮಕ್ಕೊಂಡಿದ್ಲು ಅವ್ವ."

ಇರ್ಫಾನ ಬಣ್ಣ ತೆಗೆದು ನೋಡಿದ, ಗುಣಮಟ್ಟ ಇಳಿಸಿ ನೋಡಿದ. ಕೊನೆಗೆ ಬೇಸತ್ತು ವಿಡಿಯೊವನ್ನೇ ತೆರೆದ.

ಗೋಡೆಯ ಹಲಗೆಯ ಮೇಲೆ ಸ್ಟೀಲಿನ ತಾಟುಗಳನ್ನು ಸಾಲಾಗಿ ಒರಗಿಸಿಟ್ಟಿದ್ದರು. ಕನ್ನಡಿಯಂತೆ ಬೆಳಗಿಟ್ಟ ಪ್ರತಿ ತಾಟಿನೊಳಗೂ ಕಸ್ತೂರೆವ್ವ ಇದ್ದಳು: ರೊಟ್ಟಿ ಬಡಿಯುತ್ತಾ, ನೀರು ಹೊರುತ್ತಾ, ಹಾಸಿಗೆಯ ಬಟ್ಟೆ ಹಿಂಡುತ್ತಾ. ಮುದುಕಿಯ ಕಣ್ಣು ಆ ತಾಟುಗಳನ್ನು ಬಿಟ್ಟು ಕದಲಿರಲಿಲ್ಲ.

"ಚಿತ್ರ ಅಲುಗಾಡಿದಷ್ಟೂ ಫೈಲು ದೊಡ್ಡದಾಕ್ಕೈತ್ರಿ ಅಕ್ಕಾ," ಅಂದ ಇರ್ಫಾನ ಮೆಲ್ಲಗೆ. "ನೀವು ಒಂದು ಗಳಿಗೀನೂ ಕುಂತಿಲ್ಲ."

ಮನೆಯಿಂದ ಫೋನು ಬರುತ್ತಲೇ ಇತ್ತು. ಕಸ್ತೂರೆವ್ವ ಪರದೆಯ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು.